ತುಳಿದ ದಾರಿಯ ದಾನ

ಕಳೆದ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಗೆ ಬಂದರು. ಒಬ್ಬ ಸಂಡೂರಿನ ಕಡೆಯ ಗಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು; ಇನ್ನೊಬ್ಬ ಹೊಸಪೇಟೆಯಲ್ಲಿಯೇ ಔಷಧದ ಅಂಗಡಿ ಇಟ್ಟುಕೊಂಡವನು. ಇಬ್ಬರಿಗೂ ಈಚೆಗೆ ಸೈಕಲ್ ಸವಾರಿಯ ಗೀಳು ಹತ್ತಿದೆ. ಭಾನುವಾರದ ಬೆಳಗಿನ ಜಾವದಲ್ಲಿ ಎದ್ದು, ಊರು ಮಲಗಿರುವಾಗಲೇ ಹಂಪಿಗೆ ಹೋಗಿ ಬರುವ ಸಣ್ಣ ಗುಂಪೊಂದನ್ನು ಕಟ್ಟಿಕೊಂಡಿದ್ದಾರೆ. ಅವರು ಬಂದ ಕೆಲಸ ಇಷ್ಟು: ಸಂಡೂರಿನಿಂದ ಹೊರಟು ಹೊಸಪೇಟೆ, ಕಮಲಾಪುರ, ಹಂಪಿಗಳನ್ನು ಹಾದು ಕಂಪ್ಲಿಯನ್ನು ಮುಟ್ಟಿ ಹಿಂದಿರುಗಬೇಕು. ಹೋಗಿಬರುವ ದಾರಿ ನೂರು ಕಿಲೋಮೀಟರಿನ ಮೇಲಾಗುತ್ತದೆ. ಕಿಲೋಮೀಟರಿಗೆ ಇಂತಿಷ್ಟು ರೂಪಾಯಿ ಎಂದು ಪರಿಚಿತರಿಂದ ಮೊದಲೇ ಮಾತು ಪಡೆದು, ಕೂಡಿದ ಹಣವನ್ನು ಕ್ಯಾನ್ಸರ್ ಸಂಶೋಧನೆಗೆ ಕೊಡಬೇಕು. "ಕನ್ನಡದಾಗ ಒಂದು ಮನವಿ ಬರ್ದು ಕೊಡ್ರಿ ಸರ್. ಓದಿದವ್ರು ಇಲ್ಲ ಅನಬಾರ್ದು, ಹಂಗಿರ್ಲಿ" ಎಂದರು. ಒಪ್ಪಿಕೊಂಡೆ.

ಮರುದಿನ ವಾಚನಾಲಯದಲ್ಲಿ ಈ ಪ್ರಸ್ತಾಪ ತೆಗೆದಾಗ ನಿವೃತ್ತರಾದ ಹಿರಿಯರೊಬ್ಬರು ಪತ್ರಿಕೆಯಿಂದ ತಲೆಯೆತ್ತಿ ನಕ್ಕರು. "ಸೈಕಲ್ ತುಳಿದರೆ ರೋಗ ಹೋಗುತ್ತದೇನ್ರೀ ಮೇಷ್ಟ್ರೇ? ಕೊಡಬೇಕೆಂಬ ಮನಸ್ಸಿದ್ದವರು ಮನೆಯಲ್ಲಿ ಕುಳಿತೇ ಕೊಡಲಿ. ಬಿಸಿಲಲ್ಲಿ ಬೆವರು ಸುರಿಸುವುದೇಕೆ?" ಪ್ರಶ್ನೆ ಲಘುವಾಗಿ ಬಂದದ್ದಾದರೂ ಅದನ್ನು ಲಘುವಾಗಿ ತಳ್ಳಿಹಾಕುವಂತಿರಲಿಲ್ಲ. ಮನವಿ ಬರೆಯಲು ಕುಳಿತಾಗ ಅದೇ ಪ್ರಶ್ನೆ ಲೇಖನಿಯನ್ನು ತಡೆಯಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಂತೆ ಇನ್ನೂ ದೊಡ್ಡದಾದ ಬೇರೊಂದು ಪ್ರಶ್ನೆ ಎದುರಾಯಿತು. ಆ ಎರಡನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲನೆಯ ಪ್ರಶ್ನೆಗೆ ಉತ್ತರ ಹಂಪಿಯಲ್ಲಿಯೇ ಇದೆ. ವಿಠ್ಠಲ ದೇವಾಲಯಕ್ಕೆ ಹೋಗುವ ದಾರಿಯಲ್ಲಿ ಎರಡು ಎತ್ತರದ ಕಲ್ಲುಕಂಬಗಳೂ ಅವುಗಳ ಮೇಲೊಂದು ಅಡ್ಡತೊಲೆಯೂ ಇರುವುದನ್ನು ನೋಡದವರು ವಿರಳ. ತೊಲೆಯ ಕೆಳಬದಿಯಲ್ಲಿ ತಕ್ಕಡಿ ತೂಗುಹಾಕಲೆಂದು ಮೂರು ಬಳೆಗಳನ್ನು ಕೊರೆದಿದ್ದಾರೆ. ಅರಸನು ಅಲ್ಲಿ ಕುಳಿತು ತನ್ನ ತೂಕದ ಹೊನ್ನನ್ನೋ ರತ್ನವನ್ನೋ ದಾನ ಮಾಡುತ್ತಿದ್ದನೆಂಬುದು ಪ್ರತೀತಿ. ಅದಕ್ಕೆ ರಾಜನ ತುಲಾಭಾರವೆಂದೇ ಹೆಸರು. ಅರಸನಿಗೆ ಭಂಡಾರದಿಂದ ಹೊನ್ನು ತೆಗೆಸಿಕೊಡಲು ತಕ್ಕಡಿ ಬೇಕಾಗಿರಲಿಲ್ಲ. ಆದರೂ ಕೊಡುವವನ ದೇಹವೇ ದಾನಕ್ಕೆ ಅಳತೆಯಾಗಲೆಂದು ನಮ್ಮ ಹಿಂದಿನವರು ಬಯಸಿದರು. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಕಾಲ್ನಡೆಯಲ್ಲಿ ಹೋಗುವ ನಮ್ಮ ಸೀಮೆಯ ಜನಕ್ಕೂ ಇದು ಗೊತ್ತಿದೆ. ಬಸ್ಸಿದ್ದರೂ ಅವರು ನಡೆಯುತ್ತಾರೆ. ಕಾಲಲ್ಲಿ ಬೊಬ್ಬೆಯೆದ್ದವನಿಗೆ ದಾರಿಯ ಹಳ್ಳಿಯವರು ಕೇಳದೆಯೇ ಮಜ್ಜಿಗೆ ಕೊಡುತ್ತಾರೆ. ದುಡಿದು ದಣಿದ ದೇಹವು ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಸೈಕಲ್ ಸವಾರನು ಕಿಲೋಮೀಟರಿನ ಲೆಕ್ಕದಲ್ಲಿ ಹಣ ಕೇಳುವುದು ತುಲಾಭಾರದ ಇಂದಿನ ರೂಪವಲ್ಲದೆ ಬೇರೆಯಲ್ಲ. ತಕ್ಕಡಿಯಲ್ಲಿ ಮೈಯ ತೂಕಕ್ಕೆ ಬದಲು ಮೈಯ ಶ್ರಮ ಕುಳಿತಿದೆ, ಅಷ್ಟೆ.

ಪರದೇಶಗಳಲ್ಲಿ ಈ ಪದ್ಧತಿ ಎಷ್ಟು ಬೆಳೆದಿದೆಯೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1974ರಲ್ಲಿ ತಾಯಿಯನ್ನು ಈ ರೋಗಕ್ಕೆ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬ ಅಮೆರಿಕದ ಯುವಕ 1980ರಲ್ಲಿ 36 ಮಂದಿಯನ್ನು ಕೂಡಿಸಿಕೊಂಡು ಮ್ಯಾಸಚೂಸೆಟ್ಸ್ ಸಂಸ್ಥಾನದ ಉದ್ದಕ್ಕೂ ಸೈಕಲ್ ತುಳಿದ. ಆ ವರ್ಷ ಕೂಡಿದ್ದು 10,200 ಡಾಲರು. ಪ್ಯಾನ್ ಮಾಸ್ ಚಾಲೆಂಜ್ ಎಂಬ ಆ ಸವಾರಿ ಅಂದಿನಿಂದ ನಡೆದುಬಂದು, ಬಾಸ್ಟನ್ನಿನ ಡಾನಾ ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ 2024ರ ವೇಳೆಗೆ ಒಟ್ಟು 100 ಕೋಟಿ ಡಾಲರಿಗೂ ಮೀರಿ ಕೊಟ್ಟಿದೆ. ಅದೇ 1980ರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣ, ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡವನು, ಕೃತಕ ಕಾಲಿನ ಮೇಲೆ ದೇಶವನ್ನು ದಾಟಲು ಓಟಕ್ಕೆ ತೊಡಗಿದ. 143 ದಿನ ಓಡಿ 5,373 ಕಿಲೋಮೀಟರು ಕ್ರಮಿಸಿದ ಮೇಲೆ ರೋಗ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಬೇಕಾಯಿತು. 1981ರ ಜೂನಿನಲ್ಲಿ ತೀರಿಕೊಂಡ. ತಲೆಗೊಂದು ಡಾಲರು ಸಿಗಲೆಂಬುದು ಅವನ ಆಸೆ. ಸಾಯುವ ಮೊದಲೇ ದೇಶದ ಜನಸಂಖ್ಯೆಯಷ್ಟು, ಎಂದರೆ ಸುಮಾರು 2 ಕೋಟಿ 40 ಲಕ್ಷ ಡಾಲರು ಸೇರಿತ್ತು.

ಇಷ್ಟಾದರೂ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಸೈಕಲ್ ಮತ್ತು ಕ್ಯಾನ್ಸರ್ ಎಂಬ ಎರಡು ಶಬ್ದಗಳನ್ನು ಜಗತ್ತಿನ ಕಿವಿಯಲ್ಲಿ ಒಟ್ಟಿಗೆ ನಿಲ್ಲಿಸಿದವನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 1996ರಲ್ಲಿ ರೋಗಕ್ಕೆ ತುತ್ತಾಗಿ, ಗುಣ ಹೊಂದಿ, 1999ರಿಂದ 2005ರವರೆಗೆ ಏಳು ಸಲ ಫ್ರಾನ್ಸಿನ ಮಹಾಪಂದ್ಯವನ್ನು ಗೆದ್ದವನೆನಿಸಿದ. ಅವನ ಹಳದಿ ಕೈಪಟ್ಟಿಯನ್ನು ನಮ್ಮ ಕಾಲೇಜಿನ ಹುಡುಗರೂ ಒಂದು ಕಾಲಕ್ಕೆ ಕಟ್ಟಿಕೊಂಡಿದ್ದರು. ನಿಷಿದ್ಧ ಔಷಧಗಳ ಬಳಕೆಗಾಗಿ 2012ರಲ್ಲಿ ಆ ಏಳು ಗೆಲವುಗಳನ್ನೂ ಅಳಿಸಿಹಾಕಲಾಯಿತು. ದಾನವನ್ನು ವೀರನ ಮೇಲೆ ಕಟ್ಟಿದರೆ ವೀರನು ಬಿದ್ದ ದಿನ ದಾನವೂ ಕುಸಿಯುತ್ತದೆ. ಲೆಕ್ಕದ ಮೇಲೆ ಕಟ್ಟಿದರೆ ನಿಲ್ಲುತ್ತದೆ. ನಮ್ಮ ಸೀಮೆಯ ದಾನಶಾಸನಗಳನ್ನು ಓದಿದವರಿಗೆ ಇದು ಹೊಸ ಪಾಠವಲ್ಲ. ಕೊಟ್ಟವರಾರು, ಕೊಂಡವರಾರು, ಯಾವ ಕಾರ್ಯಕ್ಕೆ, ಎಷ್ಟು ಭೂಮಿ, ಅದರ ನಾಲ್ಕು ಎಲ್ಲೆಗಳೇನು, ಸಾಕ್ಷಿ ಯಾರು, ಅಪಹರಿಸಿದವನ ಗತಿಯೇನು ಎಂಬುದೆಲ್ಲವನ್ನೂ ಕಲ್ಲಿನಲ್ಲಿ ಬರೆಸಿ ಊರ ನಡುವೆ ನಿಲ್ಲಿಸಿದರು. ಅಂಗಿ, ಟೋಪಿ, ಬ್ಯಾನರುಗಳಿಗೆ ಎಷ್ಟು ಹೋಯಿತು, ಉದ್ದೇಶಕ್ಕೆ ಎಷ್ಟು ಉಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಮುಂದೆ ಅಂಟಿಸಬೇಕೆಂದು ನನ್ನ ವಿದ್ಯಾರ್ಥಿಗಳಿಗೂ ಹೇಳಿದೆ.

ಇನ್ನು ಎರಡನೆಯ ಪ್ರಶ್ನೆ. ಕ್ಯಾನ್ಸರ್ ಸಂಶೋಧನೆಗೆ ಎಂದು ಹಣ ಕೂಡಿಸುತ್ತೇವೆ. ಯಾವ ಸಂಶೋಧನೆಗೆ?

ಪ್ರಯೋಗಶಾಲೆಯ ಸಂಶೋಧನೆಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಬಾಸ್ಟನ್ನಿನ ಆ ಸಂಸ್ಥೆಯ ಮೂಲಪುರುಷ ಸಿಡ್ನಿ ಫಾರ್ಬರ್ 1947-48ರಲ್ಲಿ ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ನೋಡಿದ. 16 ಮಕ್ಕಳಲ್ಲಿ 10 ಮಂದಿಯ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತು. ಔಷಧಕ್ಕೆ ಈ ರೋಗ ಮಣಿಯಬಲ್ಲುದೆಂಬ ಭರವಸೆ ಹುಟ್ಟಿದ್ದು ಅಲ್ಲಿ. ಆ ಔಷಧ ತಯಾರಾದದ್ದು ಯಲ್ಲಾಪ್ರಗಡ ಸುಬ್ಬರಾಯರ ಮುಂದಾಳುತನದ ಪ್ರಯೋಗಶಾಲೆಯಲ್ಲಿ. ಅವರು 1895ರಲ್ಲಿ ಭೀಮವರಂನಲ್ಲಿ ಹುಟ್ಟಿ ಮದ್ರಾಸಿನಲ್ಲಿ ವೈದ್ಯ ಕಲಿತವರು. ಆಗ ಭೀಮವರವೂ ನಮ್ಮ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. 1920ರ ದಶಕದ ಆರಂಭದಲ್ಲಿ ಅವರು ಬಾಸ್ಟನ್ನಿಗೆ ಹೊರಟಾಗ ಕೈಯಲ್ಲಿ ಕಾಸಿರಲಿಲ್ಲ. ಮಾವನವರು ಹೊಂದಿಸಿಕೊಟ್ಟ ಹಣ ಮತ್ತು ಕಾಕಿನಾಡದ ಒಂದು ಧರ್ಮನಿಧಿಯ ಆಶ್ವಾಸನೆ ಅವರನ್ನು ಹಡಗು ಹತ್ತಿಸಿತು. ಯಾರೋ ಒಬ್ಬ ಪುಣ್ಯಾತ್ಮನು ಬಿಟ್ಟುಹೋದ ನಿಧಿ ಹೀಗೆ ಸಾಗರದಾಚೆಯ ಮಕ್ಕಳ ಆಯುಸ್ಸಿಗೆ ಕೆಲವು ತಿಂಗಳನ್ನು ಸೇರಿಸಿತು. ಕೊಡುವವನಿಗೆ ತನ್ನ ಕಾಸು ಎಲ್ಲಿ ಫಲಿಸೀತೆಂಬುದು ಗೊತ್ತಾಗುವುದಿಲ್ಲ. ಆದುದರಿಂದ ದೂರದ ಸಂಶೋಧನೆಗೆ ಕೊಡುವುದು ವ್ಯರ್ಥವೆನ್ನಲಾಗದು.

ಆದರೆ ಈ ಮಾತನ್ನು ಬರೆಯುವಾಗಲೇ ನನಗೆ ಕಂಪ್ಲಿಯ ದೊಡ್ಡಮ್ಮನ ನೆನಪಾಯಿತು. ನಾಟಿಯ ಕಾಲದಲ್ಲಿ ಆಳುಗಳ ಸಮಕ್ಕೆ ಕೆಸರಿಗೆ ಇಳಿಯುತ್ತಿದ್ದ ಗಟ್ಟಿಗಿತ್ತಿ. ಸೊಂಟದಲ್ಲಿ ಎಲೆಯಡಿಕೆಯ ಸಂಚಿ, ಅದರಲ್ಲಿ ಒಂದು ಚೂರು ಹೊಗೆಸೊಪ್ಪು ಯಾವಾಗಲೂ ಇರುತ್ತಿದ್ದವು. ಕೆನ್ನೆಯ ಒಳಗೆ ಒಂದು ಬಿಳಿಯ ಮಚ್ಚೆ ಎದ್ದಿತು, ಆಮೇಲೆ ಹುಣ್ಣಾಯಿತು. ಉಷ್ಣವೆಂದರು, ತುಪ್ಪ ಹಚ್ಚಿದರು, ಮಜ್ಜಿಗೆ ಕುಡಿಸಿದರು. ನೋವಿಲ್ಲವೆಂದು ಆಕೆಯೂ ಸುಮ್ಮನಿದ್ದರು. ಹಬ್ಬಕ್ಕೆ ಹೋದಾಗ ಕಂಡರೂ ನಾನು ಓದಿದವನು ಸುಮ್ಮನಿದ್ದೆ. ಎಂಟು ತಿಂಗಳ ಮೇಲೆ ಬಾಯಿ ತೆರೆಯಲಾಗದಾದಾಗ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೂಡಿಸಿಕೊಂಡು ಬೆಂಗಳೂರಿಗೆ ಹೋದೆವು. ಆ ಗಾಡಿಯಲ್ಲಿ ನಮ್ಮಂತೆಯೇ ಚೀಟಿಯ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡವರು ಎಷ್ಟೋ ಮಂದಿ. ವೈದ್ಯರು ನೋಡಿ, "ಆರು ತಿಂಗಳ ಮೊದಲು ಬಂದಿದ್ದರೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ಹಿಂದಿರುಗುವ ದಾರಿಯಲ್ಲಿ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ದೂರ ಯಾಕ ಕರ್ಕಂಡು ಬಂದಿ ತಮ್ಮಾ?" ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ನಾಟಿಗೆ ಅವರಿರಲಿಲ್ಲ.

ನಮ್ಮ ಹಿಂದಿನ ಲೇಖಕರು ಈ ರೋಗಕ್ಕೆ ಏಡಿಗಂತಿ ಎಂಬ ಹೆಸರಿಟ್ಟರು. ಗ್ರೀಕರು ಕೊಟ್ಟ ಹೆಸರಿಗೂ ಏಡಿಯೆಂದೇ ಅರ್ಥ. ಕಂಪ್ಲಿಯ ಗದ್ದೆಯವರಿಗೆ ಏಡಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಬದುವಿನಲ್ಲಿ ಅದು ತೂತು ಕೊರೆದ ದಿನವೇ ಕಂಡರೆ ಒಂದು ಹಿಡಿ ಮಣ್ಣು ಸಾಕು. ನಾಲ್ಕು ದಿನ ಬಿಟ್ಟರೆ ನೀರೆಲ್ಲ ಸೋರಿ ಬದುವೇ ಕೊಚ್ಚಿಹೋಗುತ್ತದೆ. ದೊಡ್ಡಮ್ಮ ಗದ್ದೆಯ ಬದುವನ್ನು ದಿನಾ ನೋಡುತ್ತಿದ್ದರು. ತಮ್ಮ ಬಾಯನ್ನು ನೋಡಿಸಿಕೊಳ್ಳಬೇಕೆಂದು ಅವರಿಗೆ ಹೇಳಿದವರಿಲ್ಲ.

ಬಾಯನ್ನು ನೋಡುವುದೂ ಒಂದು ಸಂಶೋಧನೆಯೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. 1996ರಲ್ಲಿ ತಿರುವನಂತಪುರದ ಸುತ್ತ ಒಂದು ದೊಡ್ಡ ಪರೀಕ್ಷೆಯನ್ನು ಆರಂಭಿಸಿದರು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಜನರ ಬಾಯಿ ತೆರೆಸಿ ಕಣ್ಣಿನಿಂದ ನೋಡಿದರು. ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳಿಸಿದರು. 2005ರಲ್ಲಿ ಫಲಿತಾಂಶ ಹೊರಬಂದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಸಾವು ಮೂರನೆಯ ಒಂದು ಪಾಲು ಇಳಿದಿದ್ದುದು ಕಂಡಿತು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ಇನ್ನೊಂದು ಪರೀಕ್ಷೆಯನ್ನು ಕೈಗೊಂಡರು. ಹತ್ತನೆಯ ತರಗತಿ ಓದಿದ ಕಾರ್ಯಕರ್ತೆಯರು ಗರ್ಭಕಂಠಕ್ಕೆ ನಮ್ಮ ಅಡುಗೆಯ ವಿನಿಗರ್‌ನ ಜಾತಿಯದೇ ಆದ ಆಮ್ಲವನ್ನು ಸವರಿ, ಬಿಳಿಯ ಕಲೆ ಮೂಡುವುದೋ ಎಂದು ನೋಡಿದರು. ಆ ರೋಗದ ಸಾವು ಶೇಕಡಾ 31ರಷ್ಟು ತಗ್ಗಿತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ನಮ್ಮ ಗಡಿಗೆ ದೂರವಲ್ಲ. ಅಲ್ಲಿ 1987ರಲ್ಲಿ ಹಳ್ಳಿಗಳ ಕ್ಯಾನ್ಸರ್ ನೋಂದಣಿಯನ್ನು ಆರಂಭಿಸಿ, ಹಳ್ಳಿಗರಿಗೆ ರೋಗದ ಗುರುತುಗಳನ್ನು ತಿಳಿಸುತ್ತ ಬಂದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಹೆಂಗಸರು ಮೊದಲಿಗಿಂತ ಮುಂಚಿತವಾಗಿ, ರೋಗ ಇನ್ನೂ ಚಿಕ್ಕದಿರುವಾಗಲೇ, ಆಸ್ಪತ್ರೆಗೆ ಬರತೊಡಗಿದರು. ಈ ಮೂರೂ ಕಡೆ ಬಳಸಿದ ಮುಖ್ಯ ಉಪಕರಣಗಳೆಂದರೆ ಕಣ್ಣು, ಬೆಳಕು, ಆಮ್ಲ, ಒಂದು ದಾಖಲೆ ಪುಸ್ತಕ ಮತ್ತು ಹಳ್ಳಿಗೆ ನಡೆದು ಹೋಗುವ ಕಾಲು.

ಸುಬ್ಬರಾಯರ ಔಷಧದ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಅಮಿನಾಪ್ಟೆರಿನ್ನಿನ ಸೋದರನೆನ್ನಬಹುದಾದ ಮೆಥೊಟ್ರೆಕ್ಸೇಟ್ ಇಂದು ಅಗ್ಗದ ಮಾತ್ರೆ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರು ಗುಣವಾಗುವ ಹಂತವನ್ನು ದಾಟಿದ 422 ರೋಗಿಗಳ ಮೇಲೆ ಟಾಟಾ ಸ್ಮಾರಕದವರು ಒಂದು ಪರೀಕ್ಷೆ ನಡೆಸಿ 2020ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಈ ಮಾತ್ರೆಯನ್ನೂ ನೋವಿಗೆ ಕೊಡುವ ಇನ್ನೊಂದು ಮಾತ್ರೆಯನ್ನೂ ಸಣ್ಣ ಪ್ರಮಾಣದಲ್ಲಿ ಮನೆಯಲ್ಲಿಯೇ ನುಂಗಿದವರಲ್ಲಿ ಅರ್ಧದಷ್ಟು ಮಂದಿ 7.5 ತಿಂಗಳಿಗಿಂತ ಹೆಚ್ಚು ಬದುಕಿದರು. ಆಸ್ಪತ್ರೆಗೆ ಬಂದು ರಕ್ತನಾಳಕ್ಕೆ ಔಷಧ ಹಾಕಿಸಿಕೊಂಡವರಲ್ಲಿ ಈ ಅವಧಿ 6.1 ತಿಂಗಳು. ಹೆಚ್ಚಿದ್ದು ಒಂದೂವರೆ ತಿಂಗಳೂ ಅಲ್ಲ. ಆದರೆ ಆ ತಿಂಗಳುಗಳನ್ನು ರೈಲಿನಲ್ಲಿ ಕಳೆಯದೆ ತನ್ನ ಜಗಲಿಯಲ್ಲಿ ಕಳೆಯಬಹುದೆಂಬುದು ಅಲ್ಪ ಲಾಭವಲ್ಲ. ಇಂಥ ಪರೀಕ್ಷೆಗೆ ಹಣ ಹೂಡುವ ಉತ್ಸಾಹ ಔಷಧದ ಕಂಪೆನಿಗಳಿಗೆ ಹುಟ್ಟುವುದಿಲ್ಲ. ಅಗ್ಗದ ಮಾತ್ರೆ ಗೆದ್ದರೆ ಅವರಿಗೆ ಬರುವುದೇನು? ವಿನಿಗರ್ ಮಾರಿ ಯಾರೂ ಶ್ರೀಮಂತರಾಗುವುದಿಲ್ಲ. ಲಾಭದ ಹಣ ಹೋಗದ ಕಡೆಗೆ ಧರ್ಮದ ಹಣ ಹೋಗಬೇಕು. ಸೈಕಲ್ ಸವಾರರ ಜೋಳಿಗೆಗೆ ನಿಜವಾದ ಕೆಲಸವಿರುವುದು ಇಲ್ಲಿ.

ನಮ್ಮ ನಾಡಿನಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯು, ದೇಶದ ಕ್ಯಾನ್ಸರ್ ನೋಂದಣಿ ಯೋಜನೆ 1981-82ರಲ್ಲಿ ಮೊದಲಾದಾಗಿನಿಂದ ಆ ನಗರದ ನಿವಾಸಿಗಳ ಲೆಕ್ಕವನ್ನು ಇಟ್ಟುಕೊಂಡು ಬಂದಿದೆ. ಎಷ್ಟು ಜನಕ್ಕೆ, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ ಎಂಬ ಎಣಿಕೆಯೇ ಸಂಶೋಧನೆಯ ಮೊದಲ ಮೆಟ್ಟಿಲು. ಅಂಥ ನೋಂದಣಿಗಳ ಆಧಾರದಿಂದಲೇ, 2022ರಲ್ಲಿ ದೇಶದಲ್ಲಿ ಹೊಸದಾಗಿ ರೋಗ ತಗುಲಿದವರು ಸುಮಾರು 14.6 ಲಕ್ಷವೆಂದು ಅಂದಾಜು ಮಾಡಿದ್ದಾರೆ. ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕಂಠಗಳನ್ನು ಹಳ್ಳಿಹಳ್ಳಿಯಲ್ಲೂ ಪರೀಕ್ಷಿಸತಕ್ಕದ್ದೆಂದು ಕೇಂದ್ರ ಸರಕಾರ 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ಪರೀಕ್ಷೆ ಒಮ್ಮೆಯಾದರೂ ಆಗಿದ್ದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಪೂರ್ತಿ ಇರಲಿಲ್ಲ; ಬಾಯಿಯ ಪರೀಕ್ಷೆ ಆಗಿದ್ದವರು ಒಬ್ಬರೂ ಪೂರ್ತಿ ಇರಲಿಲ್ಲ. ದಾರಿ ಗೊತ್ತಿದೆ, ಆಜ್ಞೆಯೂ ಇದೆ, ನಡೆಯುವವರಿಲ್ಲ. ನಡೆಯುವಂತೆ ಮಾಡುವುದು ಹೇಗೆಂಬುದೇ ಇನ್ನು ಸಂಶೋಧಿಸಬೇಕಾದ ವಿಷಯ. ಅದಕ್ಕೆ ಕಂಪ್ಲಿ, ಸಂಡೂರುಗಳಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ದಾರಿಯ ಮೇಲೆ ಹೋಗುವವನು ಹಣವನ್ನೇ ಕೇಳಬೇಕೆಂಬ ನಿಯಮವೂ ಇಲ್ಲ. ನಮ್ಮ ಪಕ್ಕದ ಇಳಕಲ್ಲಿನ ಮಹಾಂತ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಟ್ಟಲೆ ಊರೂರು ತಿರುಗಿ ಜೋಳಿಗೆಯೊಡ್ಡಿದರು. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಕ್ಯಾನ್ಸರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ವಂತಿಗೆಯನ್ನು ನಾನು ಕಾಣೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಗಳಲ್ಲಿ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ತೂಗಾಡತೊಡಗಿದವು. ಅಂಗೈಯಲ್ಲಿ ಎರಡೂ ಒಂದಾಗುತ್ತವೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನವರಿಗೆ, ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲದ ನಮಗೆ, ಈ ಮಾತು ಕಹಿ. ಕಹಿಯೆಂದು ಮುಚ್ಚಿಡಲಾಗದು.

ಹೀಗೆಲ್ಲ ಯೋಚಿಸಿದ ಮೇಲೆ ಬರೆದ ಮನವಿ ಅವರು ಕೇಳಿದಂತೆ ಆಗಲಿಲ್ಲ. ಕಿಲೋಮೀಟರಿನ ಲೆಕ್ಕವನ್ನು ಉಳಿಸಿದೆ. ಹಣ ಯಾವ ಪರೀಕ್ಷೆಗೆ ಹೋಗುವುದೆಂಬುದನ್ನು ಕೊಡುವ ಮೊದಲೇ ಸಂಸ್ಥೆಯಿಂದ ಬರೆಸಿಕೊಳ್ಳಬೇಕೆಂದು ಸೇರಿಸಿದೆ. ಕೊನೆಗೆ ಒಂದು ಷರತ್ತು: ಸವಾರಿ ಎಲ್ಲಿಯೂ ನಿಲ್ಲದೆ ಓಡಕೂಡದು. ದಾರಿಯ ಐದಾರು ಹಳ್ಳಿಗಳಲ್ಲಿ ಇಳಿಯಬೇಕು; ಆಯಾ ಊರಿನ ಆಶಾ ಕಾರ್ಯಕರ್ತೆಯನ್ನೂ ಆರೋಗ್ಯ ಕೇಂದ್ರದವರನ್ನೂ ಮೊದಲೇ ಕಂಡು ಒಪ್ಪಿಸಿರಬೇಕು; ಸೈಕಲ್ ನೋಡಲು ಸೇರಿದ ಜನ ಚದುರುವ ಮೊದಲು, ಬಾಯಿ ತೋರಿಸಲು ಒಪ್ಪಿದವರ ಬಾಯನ್ನು ಅವರು ಬೆಳಕಿನಲ್ಲಿ ನೋಡಿ ಬರೆದಿಡಬೇಕು.

ಓದಿ ಮುಗಿಸಿದ ಔಷಧದ ಅಂಗಡಿಯವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಿಂಗ ನಿಂತ್ ನಿಂತ್ ಹೋದ್ರ ಕಂಪ್ಲಿ ಮುಟ್ಟೋದು ಸಂಜೀನ ಆಗ್ತದ್ರಿ ಸರ್" ಎಂದ. ಆಗಲಿ ಎಂದೆ. ವೇಗದಿಂದ ಹೋದವರನ್ನು ದಾರಿ ನೆನಪಿಟ್ಟುಕೊಂಡದ್ದು ಕಡಮೆ. ಸವಾರನು ತುಳಿಯುವ ದೂರಕ್ಕೆ ಬೆಲೆ ಬರುವುದು ರೋಗಿಯು ಹೋಗಬೇಕಾದ ದೂರ ಅದರಿಂದ ಕಡಮೆಯಾದಾಗ. ಗಣಿಯ ಹುಡುಗ ಹಾಳೆಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ಮೊದಲ್ನೇ ಬಾಯಿ ನಮ್ಮವ್ವಂದು ತೋರಿಸ್ತೀನ್ರಿ. ಆಕೀನೂ ಕಡ್ಡಿಪುಡಿ ಹಾಕ್ತಾಳ" ಎಂದ.